ನಿಲುವಳಿ ಸೂಚನೆ ಕೊಟ್ರೆ ಸ್ಪೀಕರ್ ಯಾವ ಲೆಕ್ಕದಲ್ಲಿ ಒಪ್ತಾರೆ, ಯಾವ ಲೆಕ್ಕದಲ್ಲಿ ಬೇಡ ಅಂತಾರೆ?

ಹಾಸನದ_ಹುಡುಗ:
ಅಧಿವೇಶನ ಶುರುವಾದರೆ ನಾನು ಸಂಸದ್ ಟಿವಿ ಹಾಕಿಕೊಂಡೇ ಕೆಲಸ ಮಾಡುವುದು. ಹನ್ನೊಂದಕ್ಕೆ ವಿರೋಧ ಪಕ್ಷದವರು ಎದ್ದು ನಿಲ್ಲುತ್ತಾರೆ, ನೋಟಿಸ್ ಕೊಟ್ಟಿದ್ದೇವೆ, ಬೇರೆಲ್ಲ ಬದಿಗಿಟ್ಟು ಇದನ್ನೇ ಚರ್ಚೆ ಮಾಡಿ ಅಂತಾರೆ. ಹನ್ನೆರಡಕ್ಕೆ ಸ್ಪೀಕರ್ ಒಂದೇ ಸಾಲಿನಲ್ಲಿ, ಯಾವ ನಿಲುವಳಿ ಸೂಚನೆಗೂ ಅನುಮತಿ ಕೊಟ್ಟಿಲ್ಲ ಅಂದು ಮುಂದಕ್ಕೆ ಹೋಗುತ್ತಾರೆ. ಕಾರಣ ಹೇಳುವುದೇ ಇಲ್ಲ. ಇದಕ್ಕೆ ನಿಯಮ ಅಂತ ಇದೆಯಾ, ಪೂರ್ತಿ ಅವರ ಮರ್ಜಿನಾ? ಇನ್ನೊಂದು, ನಮ್ಮ ವಿಧಾನಸಭೆಯಲ್ಲಿ "ನಿಯಮ 60ರ ಬದಲು 69ರಲ್ಲಿ ತಗೊಳ್ತೀನಿ" ಅಂತಾರಲ್ಲ, ಅದೇನು?

ಕಡತದ_ಹುಳ:
ನಿಯಮ ಇದೆ. ಲೋಕಸಭೆಯಲ್ಲಿ 56ರಿಂದ 63. ಅವತ್ತೇ ಬೆಳಗ್ಗೆ ಹತ್ತರೊಳಗೆ ನೋಟಿಸ್ ಕೊಡಬೇಕು. ವಿಷಯ ಒಂದೇ ಇರಬೇಕು, ಇತ್ತೀಚಿನದಾಗಿರಬೇಕು, ಕೋರ್ಟಿನಲ್ಲಿ ಇರಬಾರದು, ಅದೇ ಅಧಿವೇಶನದಲ್ಲಿ ಆಗಲೇ ಚರ್ಚೆ ಆಗಿರಬಾರದು. ಕೇಂದ್ರ ಸರ್ಕಾರ ಉತ್ತರ ಕೊಡಬೇಕಾದ ವಿಷಯವೂ ಆಗಿರಬೇಕು. ಯಾವುದೋ ರಾಜ್ಯದ ಪೊಲೀಸರ ಕೆಲಸ ಅಂದರೆ ಅಲ್ಲೇ ಬಿತ್ತು.

ಆದರೆ ಜಾಸ್ತಿ ನೋಟಿಸ್‌ಗಳು ಸಾಯುವುದು "ತುರ್ತು" ಅನ್ನುವಲ್ಲಿ. ಘಟನೆ ದೊಡ್ಡದಾ ಅಂತ ಮಾತ್ರ ನೋಡುವುದಿಲ್ಲ, ಇದನ್ನು ಎತ್ತಲು ಬೇರೆ ಅವಕಾಶ ಇದೆಯಾ ಅಂತಲೂ ನೋಡುತ್ತಾರೆ. 2024ರ ಜೂನ್ 28ರಂದು ನೀಟ್ ಬಗ್ಗೆ ಹೀಗೇ ಆಯಿತು. ರಾಷ್ಟ್ರಪತಿ ಭಾಷಣದ ಮೇಲೆ ವಂದನಾ ನಿರ್ಣಯ ಇದೆ, ಅದರಲ್ಲೇ ಮಾತಾಡಿ ಅಂದರು ಸ್ಪೀಕರ್ ಓಂ ಬಿರ್ಲಾ. ನಿಯಮದ ಪ್ರಕಾರ ತಪ್ಪು ಅನ್ನಲಾಗದು. ಆದರೆ ಲಕ್ಷಾಂತರ ಮಕ್ಕಳ ಪರೀಕ್ಷೆಯ ವಿಷಯ ಹತ್ತಾರು ಭಾಷಣಗಳ ನಡುವೆ ಒಂದು ಪ್ಯಾರಾ ಆಗಿಬಿಡುತ್ತದೆ.

ಕಾರಣ ಕೇಳಿದಿರಲ್ಲ, ಲೋಕಸಭೆಯ 60ನೇ ನಿಯಮದಲ್ಲೇ ಇದೆ: ಬೇಕು ಅನ್ನಿಸಿದರೆ ಸ್ಪೀಕರ್ ನೋಟಿಸ್ ಓದಿ ಕಾರಣ ಹೇಳಬಹುದು. ಬೇಕು ಅನ್ನಿಸಿದರೆ ಮಾತ್ರ! ಕೋರ್ಟಿಗೂ ಹೋಗಿ ಪ್ರಯೋಜನವಿಲ್ಲ, ಕಲಾಪದ ಕ್ರಮ ಸರಿಯಿಲ್ಲ ಅಂತ ಪ್ರಶ್ನಿಸುವುದಕ್ಕೆ ಸಂವಿಧಾನದ 122ನೇ ವಿಧಿ ಅಡ್ಡ ಬರುತ್ತದೆ.

ಕುಡ್ಲದ_ಮಾತುಗಾರ:
ನಿಯಮ ಎಲ್ಲ ಸರಿ ಮಾರಾಯ್ರೆ, ಆದರೆ ಸರ್ಕಾರ ಹೂಂ ಅಂದರೆ ದಾರಿ ತಾನಾಗಿ ತೆರೆಯುತ್ತದೆ. 2015ರ ಮುಂಗಾರು ಅಧಿವೇಶನ ನೆನಪು ಮಾಡಿಕೊಳ್ಳಿ. ಐಪಿಎಲ್ ಮಾಜಿ ಮುಖ್ಯಸ್ಥ ಲಲಿತ್ ಮೋದಿಗೆ ನೆರವಾದ ಆರೋಪಕ್ಕೆ ದಿನಾ ಗಲಾಟೆ, ಆಗಸ್ಟ್ 3ಕ್ಕೆ 25 ಕಾಂಗ್ರೆಸ್ ಸಂಸದರು ಅಮಾನತು. ಆಗಸ್ಟ್ 12ಕ್ಕೆ ಮಲ್ಲಿಕಾರ್ಜುನ ಖರ್ಗೆ, ಆಗ ಕಲಬುರಗಿ ಸಂಸದರು, ನಿಲುವಳಿ ಸೂಚನೆಗೆ ಪಟ್ಟು ಹಿಡಿದಾಗ ಆರೋಪ ಹೊತ್ತಿದ್ದ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಅವರೇ ಎದ್ದು, ಒಪ್ಪಿಕೊಳ್ಳಿ, ಚರ್ಚೆ ಆಗಲಿ ಅಂದರು. ಆಗಿನ ಸ್ಪೀಕರ್ ಸುಮಿತ್ರಾ ಮಹಾಜನ್ ಅವತ್ತೇ ಚರ್ಚೆಗೆ ಬಿಟ್ಟರು. ವಿಷಯ ಅದೇ, ತುರ್ತು ಅದೇ. ಬದಲಾದದ್ದು ಸರ್ಕಾರದ ಮನಸ್ಸು, ಅಲ್ವಾ?

ಕಡತದ_ಹುಳ:
ಅದು ನಿಜ. ಸರ್ಕಾರ ಹಿಂಜರಿಯುವುದಕ್ಕೂ ಕಾರಣ ಇದೆ. ನಿಲುವಳಿ ಸೂಚನೆ ಅಂದರೆ ಸರ್ಕಾರದ ಮೇಲೆ ಛೀಮಾರಿ ಇದ್ದ ಹಾಗೆ, ಕೊನೆಗೆ ಮತಕ್ಕೆ ಹಾಕಬಹುದು. ಲೋಕಸಭೆಯ 193ನೇ ನಿಯಮದಲ್ಲಿ ಬರೀ ಮಾತು, ಮತ ಇಲ್ಲ. ನಮ್ಮ ವಿಧಾನಸಭೆಯಲ್ಲಿ 60 ಅಂದರೆ ನಿಲುವಳಿ, 69 ಅಂದರೆ ಬರೀ ಚರ್ಚೆ, ವ್ಯತ್ಯಾಸ ಇದೇ. ವಿರೋಧ ಪಕ್ಷದವರಿಗೆ ಮಾತಾಡಲು ಸಿಕ್ಕಿತು, ಸರ್ಕಾರಕ್ಕೆ ಮತದ ತಲೆನೋವು ತಪ್ಪಿತು, ಹಾಗಾಗಿ ಗಲಾಟೆ ತಣ್ಣಗಾಗುತ್ತದೆ. ರಾಜ್ಯಸಭೆಗೆ ಸರ್ಕಾರವನ್ನು ಇಳಿಸುವ ಅಧಿಕಾರ ಇಲ್ಲ, ಅದಕ್ಕೇ ಅಲ್ಲಿ ನಿಲುವಳಿಯೇ ಇಲ್ಲ. ಅಲ್ಲಿನ 267ನೇ ನಿಯಮದಡಿ ಬೇರೆ ನಿಯಮಗಳನ್ನು ಅಮಾನತಿನಲ್ಲಿಡಿ ಅಂತ ಕೇಳಬೇಕು. 2016ರ ನವೆಂಬರ್‌ನಲ್ಲಿ ನೋಟು ರದ್ದತಿ ಚರ್ಚೆಗೆ ಆಗಿನ ಸಭಾಪತಿ ಹಮೀದ್ ಅನ್ಸಾರಿ ಅದನ್ನು ಕೊಟ್ಟಿದ್ದರು. 2023ರಲ್ಲಿ ಮಣಿಪುರ ಹಿಂಸಾಚಾರದ ಚರ್ಚೆಗೆ ಕೇಳಿದಾಗ ಆಗಿನ ಸಭಾಪತಿ ಧನಕರ್ ನಿಯಮ 176ರ ಅಲ್ಪಾವಧಿ ಚರ್ಚೆಗೆ ಮಾತ್ರ ಒಪ್ಪಿದರು.

ಲಂಡನ್_ಕನ್ನಡಿಗ:
ಇಲ್ಲಿ ಬ್ರಿಟನ್ ಸಂಸತ್ತಿನಲ್ಲಿ ಸ್ವಲ್ಪ ಬೇರೆ. ತುರ್ತು ಚರ್ಚೆ ಕೇಳಲು ಸ್ಟ್ಯಾಂಡಿಂಗ್ ಆರ್ಡರ್ 24 ಅನ್ನುವ ನಿಯಮ ಇದೆ. ಸ್ಪೀಕರ್ ಅವಕಾಶ ಕೊಟ್ಟರೆ ಸದಸ್ಯರು ಸದನದಲ್ಲೇ ಎದ್ದು ಮೂರು ನಿಮಿಷ ವಾದ ಮಾಡುತ್ತಾರೆ. ಕಾರಣ ಇಲ್ಲೂ ಕೊಡುವುದಿಲ್ಲ. ಆದರೆ ಕೇಳಿದ್ದೇನು ಅಂತ ಎಲ್ಲರಿಗೂ ಕೇಳಿಸುತ್ತದೆ, ನನಗೆ ಇಷ್ಟವಾಗುವುದು ಅದೇ. ಯಾರಾದರೂ ಬೇಡ ಅಂದರೆ 40 ಜನ ಎದ್ದು ನಿಂತರೆ ಸಾಕು. 2019ರ ಸೆಪ್ಟೆಂಬರ್ 3ರಂದು ಆಗಿನ ಸ್ಪೀಕರ್ ಬರ್ಕೋ ಹೀಗೆ ಕೊಟ್ಟ ಚರ್ಚೆಯಲ್ಲೇ ಬೋರಿಸ್ ಜಾನ್ಸನ್ ಸರ್ಕಾರ 328-301ರಲ್ಲಿ ಸೋತು, ಮರುದಿನದ ಕಲಾಪವೇ ಅವರ ಕೈ ತಪ್ಪಿತು.

ಹಾಸನದ_ಹುಡುಗ:
ಥ್ಯಾಂಕ್ಸ್ ಎಲ್ಲರಿಗೂ. ನಮ್ಮಲ್ಲೂ 50 ಜನ ಎದ್ದು ನಿಂತರೆ ಆಗುತ್ತದೆ ಅಂತ ಎಲ್ಲೋ ಓದಿದ ನೆನಪು. ಹಾಗಿದ್ದರೆ ಸ್ಪೀಕರ್ ಬೇಡ ಅಂದರೂ ನಡೆಯಬೇಕಲ್ಲ?

ಕಡತದ_ಹುಳ:
ಇಲ್ಲ. ಮೊದಲು ಸ್ಪೀಕರ್ ಒಪ್ಪಬೇಕು, ಆಮೇಲೆ ಯಾರಾದರೂ ಆಕ್ಷೇಪ ಎತ್ತಿದರೆ ಮಾತ್ರ 50ರ ಲೆಕ್ಕ. ಅವಿಶ್ವಾಸ ನಿರ್ಣಯ ಬೇರೆ. ನೋಟಿಸ್ ಕ್ರಮಬದ್ಧವಾಗಿದ್ದರೆ ಸದನದ ಮುಂದೆ ಇಡಲೇಬೇಕು, 50 ಜನ ಎದ್ದರೆ ಚರ್ಚೆಗೆ ದಿನ ಕೊಡಲೇಬೇಕು. ಮಣಿಪುರಕ್ಕೆ ನಿಲುವಳಿ ಸಿಗದೆ ಕಾಂಗ್ರೆಸ್ ಸಂಸದ ಗೌರವ್ ಗೊಗೊಯ್ 2023ರ ಜುಲೈ 26ಕ್ಕೆ ಹಿಡಿದ ದಾರಿ ಅದೇ. ಆಗಸ್ಟ್ 8ರಿಂದ 10ರವರೆಗೆ ಚರ್ಚೆ ಆಯಿತು. ಸೋಲು ಮೊದಲೇ ಗೊತ್ತಿತ್ತು, ಅವರಿಗೆ ಬೇಕಾಗಿದ್ದದ್ದು ಪ್ರಧಾನಿಯ ಉತ್ತರ, ಅದು 10ನೇ ತಾರೀಖು ಬಂತು.