ಐದು ದಿನ ಒಣಗಾಳಿ ಅಂತ ಮುನ್ಸೂಚನೆ: ಗುಡ್ಡದ ಬುಡದ ಬಣವೆಗಳಿಗೆ ಏನು ಮಾಡಬೇಕು?

ಮಸಾರಿ ಹೊಲ, ಕನಕಗಿರಿ

ಎಲ್ಲರಿಗೂ ನಮಸ್ಕಾರ. ಈ ಶುಕ್ರವಾರದ ಕೃಷಿ ಹವಾಮಾನ ಪತ್ರದಲ್ಲಿ ಮುಂದಿನ ಐದು ದಿನಕ್ಕೆ ಮಳೆ 0, ಗರಿಷ್ಠ ಉಷ್ಣಾಂಶ 38, ಕನಿಷ್ಠ 22, ಬೆಳಗಿನ ತೇವಾಂಶ 60, ಮಧ್ಯಾಹ್ನದ್ದು 24, ಗಾಳಿ ಗಂಟೆಗೆ 14 ಕಿ.ಮೀ., ದಿಕ್ಕು 110 ಅಂತ ಕೊಟ್ಟಾರೆ. ಹೊಲದ ಪಶ್ಚಿಮಕ್ಕೆ ಕಲ್ಲುಗುಡ್ಡ, ಅದರ ತುಂಬ ಒಣಗಿದ ಬಾದೆಹುಲ್ಲು. ಪೂರ್ವಕ್ಕೆ ಡಾಂಬರು ರಸ್ತೆ. ನಡುವೆ ಎರಡು ಜೋಳದ ಸೊಪ್ಪೆ ಬಣವೆ, ಒಂದು ನೆಲ್ಲುಹುಲ್ಲಿನ ಬಣವೆ, ಪಕ್ಕಕ್ಕೇ ತೊಗರಿ ಕಟ್ಟಿಗೆ ಒಟ್ಟೈತಿ. ಮೇಲೆ ಪಂಪ್‌ಸೆಟ್ಟಿನ ಲೈನ್ ಹಾದು ಹೋಗೈತಿ. ಗುಡ್ಡದಿಂದ ಬೆಂಕಿ ಇಳಿದು ಬರದಂಗೆ ಆ ಕಡೆ ಒಂದು ಪಟ್ಟಿ ಸುಟ್ಟು ಬಿಡಬೇಕು ಅಂತ ವಿಚಾರ. ಎಷ್ಟು ಅಗಲ ಸುಡಬೇಕು, ಯಾವ ಹೊತ್ತಿನಾಗ? ಈ ಅಂಕಿಗಳಲ್ಲಿ ಯಾವುದನ್ನ ಮುಖ್ಯವಾಗಿ ನೋಡಬೇಕು?

ಎರೆಭೂಮಿ, ಸಿಂಧನೂರು

ಅಣ್ಣಾರ, ಮೊದಲು ಸುಡೋ ವಿಚಾರ ಕೈಬಿಡ್ರಿ. ನಿಮ್ಮ ಪತ್ರದಾಗೇ ಉತ್ತರ ಐತಿ.

ದಿಕ್ಕಿನ ಅಂಕಿ ಹೇಳೋದು ಗಾಳಿ ಎಲ್ಲಿಂದ ಬರ್ತದ ಅನ್ನೋದನ್ನ, ಎಲ್ಲಿಗೆ ಹೋಗ್ತದ ಅನ್ನೋದನ್ನಲ್ಲ. 0 ಉತ್ತರ, 90 ಪೂರ್ವ, 180 ದಕ್ಷಿಣ, 270 ಪಶ್ಚಿಮ. 110 ಅಂದ್ರ ಪೂರ್ವದಿಂದ, ತುಸು ದಕ್ಷಿಣಕ್ಕೆ ವಾಲಿದ ಗಾಳಿ. ಅಂದಮ್ಯಾಲೆ ಈ ಐದು ದಿನ ನಿಮಗೆ ಬೆಂಕಿ ಬರೋ ದಾರಿ ಗುಡ್ಡ ಅಲ್ಲ, ರಸ್ತೆ. ಯಾರೋ ಎಸೆದ ಬೀಡಿ ರಸ್ತೆ ಬದಿಯ ಹುಲ್ಲಿಗೆ ಹತ್ತಿದರೆ ಬದು ಹಿಡಿದು ನೇರ ಬಣವೆಗೆ ಬರ್ತದ, ಅಲ್ಲಿಂದ ಗುಡ್ಡ ಏರ್ತದ. ನೀವು ಪಶ್ಚಿಮದಾಗ ಪಟ್ಟಿ ಸುಡಾಕ ಹೋದರೆ ಗಾಳಿ ಆ ಬೆಂಕಿಯನ್ನ ಗುಡ್ಡಕ್ಕೇ ದಬ್ಬತದ.

ಇನ್ನು ಅಂಕಿ. ಎಲ್ಲರೂ ಮೊದಲು 38 ಡಿಗ್ರಿ ನೋಡ್ತಾರ. ನೋಡಬೇಕಾದ್ದು ಮಧ್ಯಾಹ್ನದ ತೇವಾಂಶ ಮತ್ತು ಗಾಳಿ. ಬೆಳಗಿನ 60 ನೋಡಿ ಸಮಾಧಾನ ಪಡಬ್ಯಾಡ್ರಿ. 22 ಡಿಗ್ರಿಯಲ್ಲಿ 60 ಇದ್ದ ಅದೇ ಗಾಳಿ, ಒಂದು ಹನಿ ನೀರು ಕಳಕೊಳ್ಳದೇನೇ, 38 ಡಿಗ್ರಿಗೆ ಕಾದಾಗ ಲೆಕ್ಕಕ್ಕೆ 24 ಆಗ್ತದ. ಬಿಸಿಗಾಳಿಗೆ ನೀರು ಹಿಡಿಯೋ ಶಕ್ತಿ ಹೆಚ್ಚು, ಅದಕ್ಕ ಹುಲ್ಲಿನಾಗಿದ್ದ ಪಸೆ ಎಳಕೊಳ್ತದ. ಸಣ್ಣ ಹುಲ್ಲು ಸುಮಾರು ಒಂದು ಗಂಟೆಯೊಳಗ ಸುತ್ತಲಿನ ಗಾಳಿಯಷ್ಟೇ ಒಣಗ್ತದ, ಬೆರಳು ಗಾತ್ರದ ತೊಗರಿ ಕಟ್ಟಿಗೆಗೆ ಹತ್ತು ತಾಸಿನಷ್ಟು ಬೇಕು. ಬದುವಿನ ಹುಲ್ಲಿನ ಒಂದು ಎಸಳು ತಗೊಂಡು ಮಡಚಿ ನೋಡ್ರಿ. ಬೆಳಿಗ್ಗೆ ಏಳಕ್ಕೆ ಬಾಗ್ತದ, ಮಧ್ಯಾಹ್ನ ಎರಡಕ್ಕೆ ಲಟ್ ಅಂತ ಮುರೀತದ. ಮುರಿಯೋ ಹೊತ್ತೇ ಅಪಾಯದ ಹೊತ್ತು.

ಗಾಳಿ 14 ಅಂದ್ರ ಸರಾಸರಿ. ಬೀಸು, ಅಂದ್ರ ಒಮ್ಮಿಂದೊಮ್ಮೆಲೆ ನುಗ್ಗೋ ಜೋರು ಗಾಳಿ, ಬಂದಾಗ ಅದರ ಎರಡರಷ್ಟು ಆಗೋದು ಸಾಮಾನ್ಯ. ರಾತ್ರಿ ನೆಲ ತಣ್ಣಗಾಗಿ ಕೆಳಗಿನ ಗಾಳಿ ಸುಮ್ಮನ ಕೂತಿರ್ತದ. ಒಂಬತ್ತು ಹತ್ತಕ್ಕ ನೆಲ ಕಾದು ಆ ಪದರ ಒಡೆದ ಮ್ಯಾಲೆ ಮೇಲಿನ ಜೋರು ಗಾಳಿ ಕೆಳಗಿಳೀತದ. ಹನ್ನೊಂದರಿಂದ ಐದರ ತನಕ ಅದರ ಆಟ. ಉಷ್ಣಾಂಶ 30ರ ಮ್ಯಾಲೆ, ತೇವಾಂಶ 30ರ ಕೆಳಗ, ಬೀಸು 30 ಕಿ.ಮೀ. ದಾಟಿದ್ದು, ಈ ಮೂರೂ ಕೂಡಿದ ದಿನ ಹೊತ್ತಿದ ಬೆಂಕಿ ಕೈಗೆ ಸಿಗೋದಿಲ್ಲ. ನಿಮ್ಮ ಪತ್ರದಾಗ ಎರಡು ಆಗಲೇ ಅದಾವ, ಮೂರನೇದು ಬೀಸಿನ ಮ್ಯಾಲೆ ನಿಂತೈತಿ. ಪತ್ರ ಮಂಗಳವಾರ, ಶುಕ್ರವಾರ ಬರ್ತದ; ಮೇಘದೂತ್ ಆಪ್‌ನಾಗೂ ನೋಡಬಹುದು. ನಡುವಿನ ದಿನ ಹವಾಮಾನ ಇಲಾಖೆಯ ಎಚ್ಚರಿಕೆ ಬಣ್ಣ ನೋಡ್ತಿರ್ರಿ.

ಗಂಡಿಗಾಳಿ, ಸಂಡೂರು

ಮೇಲಿನವರು ಹೇಳಿದ್ದು ಸರಿ. ನಾನು ಪಟ್ಟಿಯ ವಿಷಯಕ್ಕೆ ಬರುತ್ತೇನೆ.

ಸುಡುವುದು ಬೇಡ, ಉಳುಮೆ ಮಾಡಿ. ರಸ್ತೆಯ ಕಡೆ, ಅಂದರೆ ಪೂರ್ವ ಮತ್ತು ಆಗ್ನೇಯಕ್ಕೆ, ಕಲ್ಟಿವೇಟರ್‌ನಲ್ಲಿ ಎರಡು ಸಲ ಹೊಡೆದು ಕನಿಷ್ಠ 6 ಮೀಟರ್ ಬರಿ ಮಣ್ಣು ಕಾಣುವ ಹಾಗೆ ಮಾಡಿ. ಉಳಿದ ಮೂರು ಮಗ್ಗುಲಿಗೆ 3 ಮೀಟರ್ ಸಾಕು. ಹುಲ್ಲು ಎದೆಯೆತ್ತರ ಇದ್ದಲ್ಲಿ ಪಟ್ಟಿಯ ಅಗಲ ಹುಲ್ಲಿನ ಎತ್ತರದ ಮೂರರಷ್ಟಕ್ಕಿಂತ ಕಡಿಮೆ ಬೇಡ. ಹೆಚ್ಚಿನವರು ತಪ್ಪುವುದು ಇಲ್ಲಿ: ಉತ್ತಮೇಲೆ ಕೂಳೆ, ಹುಲ್ಲು ಮಣ್ಣಿನ ಮೇಲೆ ಹಾಗೇ ಬಿದ್ದಿರುತ್ತವೆ, ಎರಡು ದಿನದಲ್ಲಿ ಅವೇ ಒಣಗಿ ಬತ್ತಿಯಾಗುತ್ತವೆ. ಕುಂಟೆ ಹೊಡೆದು ಗುಡಿಸಿ, ಗಾಳಿ ಹೋಗುವ ಕಡೆ, ಬಣವೆಯಿಂದ ದೂರ ಹಾಕಬೇಕು. ಟ್ರ್ಯಾಕ್ಟರ್ ಕೆಲಸ ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ. ಕಲ್ಲುಮಣ್ಣಿನ ಹೊಲದಲ್ಲಿ ಕುಳಕ್ಕೆ ಕಲ್ಲು ತಾಗಿ ಕಿಡಿ ಹಾರುತ್ತದೆ, ಸೈಲೆನ್ಸರ್ ಒಳಗಿನ ಮಸಿಯೂ ಕೆಂಡವಾಗಿ ಉದುರುತ್ತದೆ.

ಹಾರುವ ಕಿಡಿಗೆ ಪಟ್ಟಿ ಅಡ್ಡಿಯಲ್ಲ. ಹೀಗಾಗಿ ಬಣವೆ ಬಣವೆಗೆ 15 ಮೀಟರ್ ಅಂತರ ಇರಲಿ. ತೊಗರಿ ಕಟ್ಟಿಗೆಯನ್ನು ಇವತ್ತೇ ಅಲ್ಲಿಂದ ತೆಗೆಯಿರಿ. ಸೊಪ್ಪೆ ಭಗ್ಗನೆ ಉರಿದು ಇಳಿದರೂ ಆ ಕಟ್ಟಿಗೆ ತಾಸುಗಟ್ಟಲೆ ಕೆಂಡ ಕಾರುತ್ತದೆ. ತಾಡಪಾಲು ಹೊದಿಸಿ ಕಾಪಾಡುತ್ತೇನೆ ಅಂದುಕೊಳ್ಳಬೇಡಿ, ಕಿಡಿ ಬಿದ್ದರೆ ಅದು ಕರಗಿ ಉರಿಯುತ್ತಲೇ ತೊಟ್ಟಿಕ್ಕುತ್ತದೆ. ಬಣವೆಗೆ ನೀರು ಚಿಮುಕಿಸುವುದೂ ತಪ್ಪು, ಒಳಗೆ ಬೂಷ್ಟು ಬರುತ್ತದೆ. ಸುತ್ತಲಿನ ನೆಲ ತೋಯಿಸಿ.

ಇನ್ನೊಂದು, ಹಳ್ಳಿಗಳಲ್ಲಿ ಲೆಕ್ಕಕ್ಕೇ ಬಾರದ ಕಾರಣ: ಒಲೆಯ ಬೂದಿ. ಮೇಲೆ ಬೆಳ್ಳಗೆ ತಣ್ಣಗಿದ್ದರೂ ಕೆಳಗೆ ಹತ್ತಿ ಕಟ್ಟಿಗೆಯ ಕೆಂಡ ಮರುದಿನದ ತನಕ ಬದುಕಿರುತ್ತದೆ. ಬೆಳಿಗ್ಗೆ ತಿಪ್ಪೆಗೆ ಸುರಿದದ್ದು ಮಧ್ಯಾಹ್ನ ಗಾಳಿಗೆ ಕೆದರಿ ಹೊತ್ತಿಕೊಳ್ಳುತ್ತದೆ. ಈ ಐದು ದಿನ ಬೂದಿಯನ್ನು ಗುಂಡಿಗೆ ಹಾಕಿ ಒಂದು ಕೊಡ ನೀರು ಸುರಿದು ಕೋಲಿನಿಂದ ಕಲಸಿ.

ಮೂರು ಫೇಸ್, ಮಾನ್ವಿ

ಲೈನ್ ಕೆಳಗೆ ಬಣವೆ ಐತಿ ಅಂದ್ರಿ, ಅದು ಎಲ್ಲಕ್ಕಿಂತ ಮೊದಲು ಸರಿಸಬೇಕಾದ್ದು. ಬಿಸಿಲಿಗೆ ಅಲ್ಯೂಮಿನಿಯಂ ತಂತಿ ಹಿಗ್ಗಿ ಜೋತು ಬೀಳ್ತದ. ಬೀಸು ಬಂದಾಗ ಎರಡು ತಂತಿ ಒಂದಕ್ಕೊಂದು ಬಡಿದು, ಕರಗಿದ ಲೋಹದ ಹನಿ ಕೆಳಗ ಉದುರ್ತದ. ಅಲ್ಯೂಮಿನಿಯಂ ಕರಗೋದೇ 660 ಡಿಗ್ರಿಗೆ. ಸೊಪ್ಪೆಗೆ ಒಂದು ಹನಿ ಸಾಕು.

ಟಿಸಿ (ಟ್ರಾನ್ಸ್‌ಫಾರ್ಮರ್) ಹತ್ರ ನೋಡ್ರಿ, ಫ್ಯೂಸ್ ತಂತಿ ಎಷ್ಟು ದಪ್ಪ ಐತಿ. ಪದೇ ಪದೇ ಹೋಗ್ತದ ಅಂತ ಮೂರ್ನಾಲ್ಕು ಎಳೆ ದಪ್ಪ ತಂತಿ ಕಟ್ಟಿರ್ತಾರ. ಆಗ ತಂತಿ ಬಡಿದರೂ ಫ್ಯೂಸ್ ಹೋಗೋದಿಲ್ಲ, ಕಿಡಿ ಸುರೀತಾನೇ ಇರ್ತದ. ಅದನ್ನ ನೀವು ಮುಟ್ಟಬ್ಯಾಡ್ರಿ. 1912ಕ್ಕೆ ಫೋನ್ ಮಾಡಿ ದೂರಿನ ಸಂಖ್ಯೆ ಬರಕೊಳ್ರಿ, ತಂತಿ ಬಿಗಿ ಮಾಡ್ರಿ, ತಂತಿ ಒಂದಕ್ಕೊಂದು ತಾಗದಂಗ ನಡುವೆ ಸ್ಪೇಸರ್ ಹಾಕ್ರಿ ಅಂತ ಬಿಡಿಸಿ ಹೇಳ್ರಿ. ‘ಲೈನ್ ಸರಿ ಇಲ್ಲ’ ಅಂದ್ರ ಬರೀ ಕರೆಂಟ್ ಐತೋ ಇಲ್ಲೋ ನೋಡಿ ಹೋಗ್ತಾರ. ಟಿಸಿ ಬೇಲಿ ಹೊರಗಿನ ಹುಲ್ಲು 3 ಮೀಟರ್ ನೀವೇ ಕೀಳ್ರಿ, ಒಳಗಿನದು ಲೈನ್‌ಮನ್ ಕೆಲಸ. ಲೈನ್ ಕೆಳಗೆ ಬೆಂಕಿ ಹತ್ತಿದರೆ ಕರೆಂಟ್ ತೆಗೆಸೋ ತನಕ ನೀರು ಹೊಡಿಬಾರದು.

ಮಸಾರಿ ಹೊಲ, ಕನಕಗಿರಿ

ತುಂಬಾ ಉಪಕಾರ ಆತು. ತೊಗರಿ ಕಟ್ಟಿಗೆ ನಾಳೆ ಬೆಳಿಗ್ಗೆಯೇ ಸರಿಸ್ತೀವಿ. ಟ್ರ್ಯಾಕ್ಟರ್ ಸ್ಪ್ರೇಯರ್ 500 ಲೀಟರ್ ಟ್ಯಾಂಕಿನದು ಐತಿ, ಅದು ಸಾಲ್ತದ? ಒಂದು ವೇಳೆ ಗುಡ್ಡಕ್ಕೇ ಹತ್ತಿದರೆ ಊರವರು ಏನು ಮಾಡಬೇಕು?

ಗಂಡಿಗಾಳಿ, ಸಂಡೂರು

ಸ್ಪ್ರೇಯರ್ ಒಳ್ಳೆಯ ಆಯುಧ. ನಿಮಿಷಕ್ಕೆ 25 ಲೀಟರ್ ಲೆಕ್ಕ ಹಿಡಿದರೆ 500 ಲೀಟರ್ 20 ನಿಮಿಷ ಬರುತ್ತದೆ. ಅದಕ್ಕೇ ಉರಿಯುವ ಜ್ವಾಲೆಯ ಮೇಲೆ ಸುರಿಯದೆ ಬುಡಕ್ಕೆ, ಹುಲ್ಲು ಮಣ್ಣು ಕೂಡುವಲ್ಲಿಗೆ ಹೊಡೆಯಿರಿ. ಟ್ಯಾಂಕನ್ನು ಈಗಲೇ ತುಂಬಿಸಿ, ಔಷಧಿ ಹೊಡೆದ ಉಳಿಕೆ ಇದ್ದರೆ ತೊಳೆದು ತುಂಬಿ. ನಾಜಲ್ ಜಾಲರಿ ಕಟ್ಟಿಕೊಂಡಿರುವುದು ಬೆಂಕಿ ಬಂದಾಗಲೇ ಗೊತ್ತಾಗುತ್ತದೆ. ಇವತ್ತು ಸಂಜೆ ಎರಡು ನಿಮಿಷ ಓಡಿಸಿ ನೋಡಿ.

ಗುಡ್ಡದ ಬೆಂಕಿ ಬೇರೆಯೇ ಜಾತಿ. ಇಳಿಜಾರು ಹತ್ತು ಡಿಗ್ರಿ ಹೆಚ್ಚಾದರೆ ಏರುವ ವೇಗ ಸುಮಾರು ಎರಡು ಪಟ್ಟಾಗುತ್ತದೆ, ಯಾಕೆಂದರೆ ಜ್ವಾಲೆ ಮೇಲಿನ ಹುಲ್ಲಿಗೆ ವಾಲಿ ಮೊದಲೇ ಕಾಯಿಸಿಬಿಡುತ್ತದೆ. ನಾರಿಹಳ್ಳ ಗುಡ್ಡ ಸೀಳಿ ಹರಿಯುವ ಓಬಳಗಂಡಿ, ಭೀಮಗಂಡಿಯಂಥ ಕಡೆ ಗಾಳಿ ಕೊಳವೆಯಲ್ಲಿ ಊದಿದ ಹಾಗೆ ನುಗ್ಗುತ್ತದೆ. ನಿಮ್ಮಲ್ಲೂ ಎರಡು ಗುಡ್ಡದ ನಡುವಿನ ಸಂದಿ ಹಾಗೇ. ಬೆಂಕಿಯ ಮೇಲ್ಗಡೆ, ಗಾಳಿ ಹೋಗುವ ಮುಂದುಗಡೆ ಯಾರೂ ನಿಲ್ಲಬಾರದು. ಹಿಂದಿನಿಂದ ಸುಟ್ಟ ನೆಲ ತುಳಿಯುತ್ತಾ ಮಗ್ಗುಲಿನಿಂದ ಬನ್ನಿ. ಲಕ್ಕಿ ಅಥವಾ ಬೇವಿನ ಹಸಿ ಟೊಂಗೆ ಹಿಡಿದು ಹೊಡೆಯುವಾಗ ಮೇಲೆತ್ತಿ ಬೀಸಿದರೆ ಕಿಡಿ ಚೆಲ್ಲುತ್ತದೆ. ಒತ್ತಿ, ಒಂದು ಕ್ಷಣ ಹಿಡಿದು, ಸುಟ್ಟ ಕಡೆಗೆ ಎಳೆಯಬೇಕು. ಜ್ವಾಲೆ ನಾಲ್ಕು ಅಡಿ ಮೀರಿದರೆ ಟೊಂಗೆಯ ಕೆಲಸ ಮುಗಿಯಿತು, ಹಿಂದೆ ಸರಿಯಿರಿ. ನೈಲಾನ್ ಬಟ್ಟೆ ಬೇಡ, ಹತ್ತಿಯದೇ ಇರಲಿ, ಕಾಲಿಗೆ ಬೂಟು. ಎದುರುಬೆಂಕಿ, ಅಂದರೆ ಬರುವ ಬೆಂಕಿಯ ಮುಂದಿನ ಹುಲ್ಲನ್ನು ಮೊದಲೇ ಸುಡುವ ಬೆಂಕಿ, ಹಚ್ಚುವುದು ಅರಣ್ಯ ಇಲಾಖೆಯವರಿಗೆ ಬಿಟ್ಟದ್ದು. ಹತ್ತಿದ ತಕ್ಷಣ 112ಕ್ಕೆ ಮತ್ತು ಅರಣ್ಯ ರಕ್ಷಕರಿಗೆ ಹೇಳಿ. ಉಪಗ್ರಹ ನೋಡಿಕೊಳ್ಳುತ್ತದೆ ಎಂದು ಕಾಯಬೇಡಿ. ಬೆಂಕಿ ಗುರುತಿಸಿ ಎಚ್ಚರಿಕೆ ಕಳಿಸಲು ನೆರವಾಗುವ ಉಪಗ್ರಹದ ಉಪಕರಣ ವಿಐಐಆರ್‌ಎಸ್ ಹಾದು ಹೋಗುವುದು ಮಧ್ಯಾಹ್ನ ಒಂದೂವರೆ ಮತ್ತು ರಾತ್ರಿ ಒಂದೂವರೆಯ ಸುಮಾರಿಗೆ. ಮೂರು ಗಂಟೆಗೆ ಹತ್ತಿದ್ದು ಅದಕ್ಕೆ ಕಾಣುವುದು ರಾತ್ರಿಗೇ.

ಆರಿದ ಮೇಲೆ ಮನೆಗೆ ಹೋಗುವ ಅವಸರ ಬೇಡ. ಕಲ್ಲುಬಂಡೆಗಳ ಸಂದಿಯಲ್ಲಿ ಬೇರು, ಒಣ ಸಗಣಿ ಹೊಗೆಯಿಲ್ಲದೆ ಒಳಗೊಳಗೇ ಉರಿಯುತ್ತಿರುತ್ತವೆ, ಮರುದಿನ ಹನ್ನೊಂದಕ್ಕೆ ಗಾಳಿ ಎದ್ದಾಗ ಮತ್ತೆ ಶುರು. ಅಂಗೈ ಹಿಂಭಾಗವನ್ನು ಸಂದಿಯ ಹತ್ತಿರ ಹಿಡಿದು ನೋಡಿ. ಬಿಸಿ ತಾಗಿದರೆ ಕೆದಕಿ, ನೀರು ಹಾಕಿ, ಮಣ್ಣು ಕಲಸಿ ಮುಚ್ಚಿ. ಕೈ ಒಳಗೆ ಮಾತ್ರ ಹಾಕಬೇಡಿ. ಆ ಬಂಡೆ ಸಂದಿಗಳಲ್ಲಿ ಕರಡಿ, ಚಿರತೆ ಇರುತ್ತವೆ.

ಎರೆಭೂಮಿ, ಸಿಂಧನೂರು

ಒಂದು ಮಾತು ಸೇರಿಸ್ತೀನಿ. ಈಗಿನ ಪೂರ್ವದ ಗಾಳಿ ಲೆಕ್ಕ ಏಪ್ರಿಲ್‌ವರೆಗೂ ನಡೀತದ ಅಂತ ಇಟ್ಟುಕೊಳ್ಳಬ್ಯಾಡ್ರಿ. ಆಗ ಸಂಜೆ ಗುಡುಗಿನ ಮೋಡ ಏಳ್ತದ, ಮಳೆ ನೆಲ ಮುಟ್ಟೋದರೊಳಗ ಆರಿ ಹೋಗ್ತದ, ಆದರ ಅದರ ತಣ್ಣನ ಗಾಳಿ ಕೆಳಗ ಬಡಿದು ನಾಲ್ಕೂ ಕಡೆ ಹರಡತದ. ದಿಕ್ಕು ಕೆಲವೇ ನಿಮಿಷದಾಗ ತಿರುಗಿ ಬೆಂಕಿಯ ಮಗ್ಗುಲೇ ಮುಂಭಾಗ ಆಗಿಬಿಡ್ತದ. ಪತ್ರದಾಗ ‘ಗುಡುಗು, ಬಿರುಗಾಳಿ 30 ರಿಂದ 40 ಕಿ.ಮೀ.’ ಅಂತ ಕಂಡ ದಿನ ಬಣವೆಗೆ ನಾಲ್ಕೂ ದಿಕ್ಕಿಗೆ 6 ಮೀಟರ್ ಪಟ್ಟಿ ಇರಬೇಕು. ಪಶ್ಚಿಮದ ಕಡೆ ಈಗ 3 ಮೀಟರ್ ಹೊಡೀತೀರಲ್ಲ, ಟ್ರ್ಯಾಕ್ಟರ್ ಹೊಲಕ್ಕ ಇಳಿದಾಗಲೇ ಅದನ್ನೂ 6 ಮಾಡ್ರಿ.