ಪಾಲು ಮಾಡಿದ ತುಡುವೆ ಪೆಟ್ಟಿಗೆ: ಒಂದೇ ಕೋಶದಲ್ಲಿ ಮೂರು ಮೊಟ್ಟೆ!

ಶಿರಸಿ ತೋಟಿಗ:
ದೀಪಾವಳಿ ಮುಗಿದ ವಾರ ಎಂಟು ಎರಿಯ (ಜೇನುನೊಣಗಳ ಮೇಣದ ಹಲ್ಲೆ) ತುಡುವೆ ಜೇನು ಕುಟುಂಬವನ್ನು ಎರಡು ಪೆಟ್ಟಿಗೆಗಳಿಗೆ ಪಾಲು ಮಾಡಿದೆ. ಹಳೆಯ ರಾಣಿಯನ್ನು ನಾಲ್ಕು ಎರಿಗಳೊಂದಿಗೆ ಕೊಟ್ಟಿಗೆಯ ಹಿಂದಕ್ಕೆ ಒಯ್ದೆ; ಉಳಿದ ನಾಲ್ಕು ಎರಿ ಮತ್ತು ಹೊಸ ರಾಣಿ ಬೆಳೆಯುತ್ತಿದ್ದ, ಮುಚ್ಚಿದ ಒಂದು ರಾಣಿ ಕೋಶ ಹಳೆಯ ಜಾಗದಲ್ಲೇ ಉಳಿದವು. ನೊಣ ಬಿಡಿಸಲೆಂದು ಆ ಕೋಶವಿದ್ದ ಚೌಕಟ್ಟನ್ನೇ ಕೊಡವಿದ್ದು ತಪ್ಪಾಯಿತೇನೋ. ಇಂದಿಗೆ 26 ದಿನ. ರಾಣಿ ಕಾಣುತ್ತಿಲ್ಲ, ಆದರೆ ಒಂದೊಂದು ಕೋಶದಲ್ಲಿ ಎರಡು, ಮೂರು ಮೊಟ್ಟೆಗಳಿವೆ. ಮೊದಲು ಕಂಡಾಗ ಖುಷಿಯಿಂದ ಅಮ್ಮನನ್ನೂ ಕೂಗಿ ಕರೆದಿದ್ದೆ! ಊರಿನವರೊಬ್ಬರು ರಾಣಿಯನ್ನು ಕೊಡುತ್ತೇನೆ ಎನ್ನುತ್ತಿದ್ದಾರೆ. ಬಿಡಬಹುದೇ?

ಮಡಿಕೇರಿಯಿಂದ:
ರಾಣಿಯನ್ನು ತೂತು ಮಾಡಿದ ಬೆಂಕಿಪೊಟ್ಟಣದಲ್ಲಿಟ್ಟು ಎರಡು ದಿನ ಎರಿಗಳ ನಡುವೆ ಇಡಿ. ಕಳೆದ ವರ್ಷ ರಾಣಿ ಸತ್ತ ಮರುದಿನವೇ ಹೀಗೆ ಕೊಟ್ಟೆ, ಒಪ್ಪಿಕೊಂಡವು.

ಸುಳ್ಯದ ಹಳೆ ಜೇನುಗಾರ:
ಮರುದಿನವಾದ್ದರಿಂದ ಒಪ್ಪಿದವು ಮಾರಾಯರೇ. ಇಲ್ಲಿ ಮೊಟ್ಟೆ ಇಡುತ್ತಿರುವುದು ಕೆಲಸಗಾರ ನೊಣಗಳು. ರಾಣಿಯಾದರೆ ಪ್ರತಿ ಕೋಶದ ತಳದಲ್ಲಿ ಒಂದೇ ಮೊಟ್ಟೆ ಇಡುತ್ತಾಳೆ. ಇವುಗಳ ಹೊಟ್ಟೆ ಗಿಡ್ಡ, ತಳಕ್ಕೆ ಎಟುಕದೆ ಗೋಡೆಗೆ ಅಂಟಿಸುತ್ತವೆ. ಹುಟ್ಟುವುದೆಲ್ಲ ಗಂಡುನೊಣ. ಕೆಲವು ದಿನ ಕಳೆದರೆ ಸೂಜಿತೂತಿರುವ ಉಬ್ಬಿದ ಮುಚ್ಚಳಗಳು ಕಾಣುತ್ತವೆ. ಇಂಥ ಪೆಟ್ಟಿಗೆಗೆ ನಾನು ಬಿಟ್ಟ ಮೊದಲ ರಾಣಿಯನ್ನು ನೊಣಗಳೇ ಕೊಂದಿದ್ದವು; ಮರುದಿನ ಬೆಳಿಗ್ಗೆ ಇರುವೆಗಳು ಎಳೆದೊಯ್ಯುತ್ತಿದ್ದವು.

ಹಳೆಯ ರಾಣಿಯ ಪೆಟ್ಟಿಗೆಯಿಂದ ಮೊಟ್ಟೆ, ಎಳೆಮರಿ ತುಂಬಿದ ಒಂದು ಎರಿಯನ್ನು ನೊಣ ಕೊಡವಿ ಕೊಡಿ. ವಾರ ಬಿಟ್ಟು ಇನ್ನೊಂದು. ಮರಿಗಳ ವಾಸನೆಗೆ ಕೆಲಸಗಾರ ನೊಣಗಳ ಮೊಟ್ಟೆ ಇಡುವ ಈ ಚಾಳಿ ಇಳಿಯುತ್ತದೆ. ಎಳೆಮರಿಯ ಮೇಲೆ ರಾಣಿ ಕೋಶ ಕಟ್ಟಿದರೆ ನೀವು ಗೆದ್ದಂತೆ. ಊರಿನವರ ಎರಿ ಮಾತ್ರ ಬೇಡ. 1990ರ ದಶಕದ ಆರಂಭದಲ್ಲಿ ಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದಾಗ ನನ್ನ ಇಪ್ಪತ್ತೆರಡು ಪೆಟ್ಟಿಗೆಗಳಲ್ಲಿ ಉಳಿದದ್ದು ಮೂರು. ಅಂದಿನಿಂದ ಪರರ ಎರಿ ಮುಟ್ಟಿಲ್ಲ. ನೊಣ ತೀರ ಕಡಿಮೆಯಿದ್ದರೆ ಇಷ್ಟೆಲ್ಲ ಸಾಹಸ ಬೇಡ, ಪತ್ರಿಕೆಯ ಹಾಳೆ ಅಡ್ಡವಿಟ್ಟು ರಾಣಿಯಿರುವ ಪೆಟ್ಟಿಗೆಯೊಂದಿಗೆ ಕೂಡಿಸಿಬಿಡಿ.

ಶಿರಸಿ ತೋಟಿಗ (13 ದಿನಗಳ ನಂತರ):
ಹಿರಿಯರೇ, ನೀವು ಹೇಳಿದಂತೆ ಕೊಟ್ಟ ಎರಡನೆಯ ಎರಿಯ ನಡುವೆ ಎರಡು ರಾಣಿ ಕೋಶಗಳು ಶೇಂಗಾಕಾಯಿಯಂತೆ ಕೆಳಮುಖವಾಗಿ ಜೋತಿವೆ! ಈ ಸಲ ಚೌಕಟ್ಟು ಹಿಡಿದಾಗ ಉಸಿರನ್ನೂ ಬಿಡಲಿಲ್ಲ. ಒಂದನ್ನು ಕೀಳಲೇ?

ಸುಳ್ಯದ ಹಳೆ ಜೇನುಗಾರ:
ಬೇಡ. ಮೊದಲು ಹೊರಬಂದ ರಾಣಿ ಇನ್ನೊಬ್ಬಳನ್ನು ತಾನೇ ಮುಗಿಸುತ್ತಾಳೆ. ನೀವು ಮೂರು ವಾರ ಪೆಟ್ಟಿಗೆ ತೆರೆಯದಿದ್ದರೆ ಸಾಕು.