ಮಂಜುವಿನ ಚಾರ್ಜರ್‌ಗೆ ಚಕ್ರ

ಡೆಟ್ರಾಯ್ಟ್ ಸುತ್ತಮುತ್ತ ಇರುವ ಕನ್ನಡಿಗರಿಗೆ ಇವತ್ತಲ್ಲ ನಾಳೆ ಹಳೇ ಕಾರಿನ ಹುಚ್ಚು ಹಿಡಿಯುತ್ತದೆ. ಮಂಜು ಆ ಹುಚ್ಚನ್ನು ಮನೆಗೇ ತಂದು ಗ್ಯಾರೇಜಿನಲ್ಲಿ ನಿಲ್ಲಿಸಿಕೊಂಡ. 1969ರ ಡಾಡ್ಜ್ ಚಾರ್ಜರ್, ಕೆಂಪು ಬಣ್ಣ. ಹೊರಗಿನಿಂದ ನೋಡಿದರೆ 440 ಘನ ಇಂಚಿನ ಇಂಜಿನ್ ಇರುವ ಜೋರಿನ ಮಾದರಿ ಆರ್‌ಟಿ ಎನ್ನಬೇಕು, ಬಾನೆಟ್ ಎತ್ತಿದರೆ ಪಾಪದ 318. ಅಂದರೆ 7.2 ಲೀಟರ್ ಎಂದು ನಂಬಿ ಬಂದವರಿಗೆ 5.2 ಲೀಟರ್ ಸಿಗುತ್ತದೆ. ಹಾಗಾಗಿ ಅವನು ಬಾನೆಟ್ ಎತ್ತುವುದೇ ಕಮ್ಮಿ.

ತೊಂದರೆ ಇದ್ದದ್ದು ಚಕ್ರದಲ್ಲಿ. ತುಕ್ಕು ಹಿಡಿದ 14 ಇಂಚಿನ ಸ್ಟೀಲ್ ಚಕ್ರಗಳು. ಆಗಸ್ಟ್ ಮೂರನೇ ಶನಿವಾರ ವುಡ್‌ವರ್ಡ್ ಡ್ರೀಮ್ ಕ್ರೂಸ್. 1995ರಿಂದ ನಡೆಯುತ್ತಿರುವ ಹಳೇ ಕಾರುಗಳ ಜಾತ್ರೆ ಅದು. ಫರ್ನ್‌ಡೇಲ್‌ನಿಂದ ಪಾಂಟಿಯಾಕ್‌ವರೆಗೆ ವುಡ್‌ವರ್ಡ್ ರಸ್ತೆಯ ಎರಡೂ ಬದಿ ಜನ ಮಡಚುವ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಕೂತವರ ಕಣ್ಣಿನ ಮಟ್ಟಕ್ಕೆ ಸರಿಯಾಗಿ ಬರುವುದು ಚಕ್ರವೇ, ಅಲ್ವಾ?

ಗ್ಯಾರೇಜಿನಲ್ಲಿ ಸಭೆ ಸೇರಿತು. ಮಂಜು, ಅವನ ಹೆಂಡತಿ ಸುಧಾ, ಮಂಡ್ಯದ ಗೌಡ್ರು, ಬ್ರೇಕ್ ಕಂಪನಿಯಲ್ಲಿ ಕೆಲಸ ಮಾಡುವ ಶಿರಸಿಯ ಭಟ್ಟರು, ಮತ್ತೆ ಚುರುಮುರಿಯ ಆಸೆಗೆ ಹೋದ ನಾನು.

ಗೌಡ್ರು ಚರ್ಚೆಗೆ ಮುಂಚೆಯೇ ತೀರ್ಪು ಕೊಟ್ಟರು. "ಇಪ್ಪತ್ತು ಇಂಚು ಹಾಕಿಸು ಮಂಜಣ್ಣ. ಕಪ್ಪು ಬಣ್ಣದ್ದು. ಹೋಗ್ತಾ ಇದ್ದರೆ ಜನ ಎದ್ದು ನಿಲ್ಲಬೇಕು."

"ಗೌಡ್ರೇ," ಎಂದರು ಭಟ್ಟರು, "ಇಪ್ಪತ್ತು ಇಂಚಿನ ರಿಮ್ ಹಾಕಿದರೆ ಅದರ ಮೇಲೆ ಟೈರಿಗೆ ಉಳಿಯೋದು ಎರಡು ಬೆರಳು ಜಾಗ. ನಿಮ್ಮೂರಲ್ಲಿ ಎತ್ತಿನ ಗಾಡಿಗಳೇ ಕಬ್ಬಿಣದ ಪಟ್ಟಿ ಬಿಟ್ಟು ರಬ್ಬರ್ ಟೈರಿಗೆ ಬಂದವು. ನೀವು ರಬ್ಬರ್ ಬಿಟ್ಟು ಪಟ್ಟಿಗೆ ಹೊರಟಿರಲ್ಲ ಮಾರಾಯ್ರೇ!"

ಅದೂ ನಮ್ಮ ಡೆಟ್ರಾಯ್ಟ್ ಇರುವ ಮಿಷಿಗನ್ ರಾಜ್ಯದ ರಸ್ತೆಯಲ್ಲಿ. ಚಳಿಗಾಲದಲ್ಲಿ ನೀರು ಬಿರುಕಿಗೆ ಇಳಿದು ಹೆಪ್ಪುಗಟ್ಟಿ ಹಿಗ್ಗುತ್ತದೆ, ಕರಗುತ್ತದೆ, ಮತ್ತೆ ಹಿಗ್ಗುತ್ತದೆ. ವಸಂತದ ಹೊತ್ತಿಗೆ ಡಾಂಬರು ಎದ್ದು ಹೋಗಿರುತ್ತದೆ. 2018ರಲ್ಲಿ ವಿಟ್ಮರ್ ಗವರ್ನರ್ ಚುನಾವಣೆ ಗೆದ್ದಾಗ ಅವರ ದೊಡ್ಡ ಘೋಷಣೆಯೇ ರಸ್ತೆ ರಿಪೇರಿ. ದಪ್ಪ ಟೈರ್ ಇದ್ದರೆ ಗುಂಡಿಯ ಪೆಟ್ಟನ್ನು ರಬ್ಬರ್ ನುಂಗುತ್ತದೆ. ಇಲ್ಲದಿದ್ದರೆ ರಿಮ್ ಬಗ್ಗುತ್ತದೆ.

"ಗುಂಡಿ ನೋಡೋಕೆ ಇಷ್ಟು ದೂರ ಬರಬೇಕಿತ್ತಾ? ಬೆಂಗಳೂರಲ್ಲೇ ಇರಬಹುದಿತ್ತು" ಎಂದು ಗೌಡ್ರು ಚುರುಮುರಿಗೆ ಕೈ ಹಾಕಿದರು. ಇಪ್ಪತ್ತು ಇಂಚು ಅಲ್ಲಿಗೆ ಬಿತ್ತು.

ನನ್ನ ಓಟು ಟಾರ್ಕ್ ಥ್ರಸ್ಟ್‌ಗೆ. ಅಮೆರಿಕನ್ ರೇಸಿಂಗ್ ಕಂಪನಿ 1963ರಲ್ಲಿ ತಂದ ಐದು ಕಡ್ಡಿಯ ಚಕ್ರ. ಆಗ ಮೆಗ್ನೀಷಿಯಂ, ಈಗ ಅಲ್ಯೂಮಿನಿಯಂ. ಕಡ್ಡಿಗಳನ್ನು ಸಪೂರ ಮಾಡಿದ್ದು ಬ್ರೇಕಿಗೆ ಗಾಳಿ ತಾಗಿ ತಣ್ಣಗಿರಲಿ ಎಂದು. ಇಷ್ಟನ್ನು ನಾನು ಗತ್ತಿನಿಂದ ಹೇಳಿ ಮುಗಿಸಿದೆ.

"ಈ ಕಾರಿಗೆ ಡಿಸ್ಕ್ ಬ್ರೇಕೇ ಇಲ್ಲ, ನಾಲ್ಕೂ ಮುಚ್ಚಿದ ಡ್ರಮ್ಮು. ಯಾವುದಕ್ಕೆ ಗಾಳಿ ಹಾಕ್ತೀರಿ?" ಎಂದು ಸುಧಾ ಕೇಳಿದಳು.

ಗೌಡ್ರು ಈಗ ಕ್ರೇಗರ್ ಎಸ್ಎಸ್ ಎಂದರು. 1964ರಲ್ಲಿ ಬಂದದ್ದು, ಫಳಫಳ ಕ್ರೋಮ್. ಮಂಜು ಬಾಯಿ ಬಿಡಲಿಲ್ಲ. ಅವನ ಮನಸ್ಸು ಮ್ಯಾಗ್ನಮ್ 500 ಮೇಲೆ ಎಂದು ನಮಗೆಲ್ಲ ಗೊತ್ತಿತ್ತು. ಅದೂ ಐದು ಕಡ್ಡಿಯದ್ದೇ, ಆದರೆ ಸ್ಟೀಲ್. ಆ ಕಾಲದಲ್ಲಿ ಡಾಡ್ಜ್‌ನವರೇ ಹೆಚ್ಚು ದುಡ್ಡು ತೆಗೆದುಕೊಂಡು ಹಾಕಿ ಕೊಡುತ್ತಿದ್ದ ಚಕ್ರ.

"318ಕ್ಕೆ ಆರ್‌ಟಿ ಚಕ್ರ. ಇನ್ನು ಬ್ಯಾಡ್ಜ್ ಒಂದು ಅಂಟಿಸೋದು ಬಾಕಿ" ಎಂದಳು ಸುಧಾ. ಅವಳ ಪ್ರಕಾರ ಈಗಿರುವ ಚಕ್ರಕ್ಕೇ ಕೆಂಪು ಬಣ್ಣ ಬಳಿದು, ನಡುವೆ ಚಿಕ್ಕ ಕ್ರೋಮ್ ತಟ್ಟೆ ಕೂರಿಸಿದರೆ ಸಾಕು. ಅದಕ್ಕೆ ಇಲ್ಲಿ ಡಾಗ್ ಡಿಶ್ ಎನ್ನುತ್ತಾರೆ. ನಿಜ ಹೇಳಬೇಕೆಂದರೆ ಇದ್ದವುಗಳಲ್ಲಿ ಅತಿ ಚೆಂದದ ಸಲಹೆ ಅದೇ. ಖರ್ಚೂ ಕಮ್ಮಿ. ಅದಕ್ಕೇ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಷ್ಟರಲ್ಲಿ ಗೌಡ್ರಿಗೆ ಫೋನಿನಲ್ಲಿ ಏನೋ ಕಂಡಿತು. "ಚಾರ್ಜರ್‌ಗೆ ಐದು ಬೋಲ್ಟ್, ಅವು ಕೂರುವ ವೃತ್ತ 114.3 ಮಿಲಿಮೀಟರ್. ನಿನ್ನ ಕ್ಯಾಮ್ರಿಗೂ ಐದು ಬೋಲ್ಟ್, 114.3! ಸುಮ್ನೆ ಅದನ್ನೇ ಬಿಚ್ಚಿ ಇದಕ್ಕೆ ಹಾಕು. ಒಂದು ಪೈಸೆ ಖರ್ಚಿಲ್ಲ."

ಭಟ್ಟರು ಕಣ್ಣು ಮುಚ್ಚಿ ತೆರೆದರು. "ಬೋಲ್ಟ್ ಕೂಡಿದರೆ ಆಯ್ತಾ ಗೌಡ್ರೇ? ಕ್ಯಾಮ್ರಿ ಚಕ್ರದ ನಡುವಿನ ತೂತು ಚಿಕ್ಕದು, ಈ ಕಾರಿನ ಹಬ್, ಅಂದರೆ ಚಕ್ರ ಕೂರುವ ನಡುಭಾಗ, ಅದರೊಳಗೆ ಹೋಗೋದೇ ಇಲ್ಲ. ಹೋದರೂ ಚಕ್ರ ಪೂರ್ತಿ ಒಳಗೆ ಸೇರಿಕೊಳ್ಳುತ್ತೆ. ಬ್ಯಾಕ್‌ಸ್ಪೇಸಿಂಗ್ ನೋಡಬೇಕು."

ನನ್ನನ್ನು ಕೇಳಿದರೆ ಈ ಬ್ಯಾಕ್‌ಸ್ಪೇಸಿಂಗ್ ಒಂದನ್ನು ನೋಡಿದರೆ ಮುಕ್ಕಾಲು ಕೆಲಸ ಮುಗಿಯಿತು. ಚಕ್ರವನ್ನು ಬೋರಲು ಮಲಗಿಸಿ, ಅಂಚಿನ ಮೇಲೆ ಅಡ್ಡಕ್ಕೆ ಒಂದು ಪಟ್ಟಿ ಇಟ್ಟು, ಅಲ್ಲಿಂದ ಹಬ್ಬಿಗೆ ಕೂರುವ ಮುಖದವರೆಗೆ ಅಳೆಯುವುದು. 7 ಇಂಚಿನ ರಿಮ್ ಎಂದರೆ ಆ 7 ಇಂಚು ಟೈರ್ ಕೂರುವ ಜಾಗದ ಲೆಕ್ಕ. ಅಂಚು ಸೇರಿಸಿ ಹೊರಗಿನಿಂದ ಸುಮಾರು 8 ಆಗುತ್ತದೆ. ಕೂರುವ ಮುಖ ಸರಿಯಾಗಿ ನಡುವೆ ಇದ್ದರೆ ಬ್ಯಾಕ್‌ಸ್ಪೇಸಿಂಗ್ 4 ಇಂಚು. ಅದು ಜಾಸ್ತಿಯಾದರೆ ಹಿಂದಿನ ಚಕ್ರ ಒಳಗೆ ಲೀಫ್ ಸ್ಪ್ರಿಂಗಿಗೆ ಉಜ್ಜುತ್ತದೆ, ಕಮ್ಮಿಯಾದರೆ ಹೊರಗೆ ಫೆಂಡರಿಗೆ. ಮುಂದಿನ ಚಕ್ರವನ್ನು ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿಯೇ ನೋಡಬೇಕು. ಒಮ್ಮೆ ಟೈರ್ ಏರಿಸಿದ ಮೇಲೆ ಅಂಗಡಿಯವರು ಚಕ್ರ ವಾಪಸ್ ತೆಗೆದುಕೊಳ್ಳುವುದಿಲ್ಲ.

ಅಳೆಯಬೇಕಾದರೆ ಚಕ್ರ ಬಿಚ್ಚಬೇಕು. ಗೌಡ್ರು ಡ್ರೈವರ್ ಕಡೆಯ ಹಿಂದಿನ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತರು. ಪಾನಾ ಹಾಕಿ ಎಡಕ್ಕೆ ತಿರುಗಿಸಿದರು. ಅಲ್ಲಾಡಲಿಲ್ಲ. ಎದ್ದು ಪಾನಾ ಮೇಲೆ ನಿಂತರು. ಕುಣಿದರು. ಮಂಜು ಒಂದು ಪೈಪ್ ತಂದು ಪಾನಾಗೆ ಸಿಗಿಸಿಕೊಟ್ಟ. ಟಪ್ ಎಂದಿತು. ನಟ್ ಬಿಚ್ಚಲಿಲ್ಲ, ಅದು ಕೂರುವ ಬೋಲ್ಟ್, ಅಂದರೆ ಸ್ಟಡ್ಡೇ ಮುರಿದು ಗೌಡ್ರ ಕೈಗೆ ಬಂತು.

ಭಟ್ಟರು ಅದನ್ನು ಇಸಿದುಕೊಂಡು ನೋಡಿದರು. "ಇದು ಎಡ ಮರೆ, ಅಂದರೆ ಎಡಕ್ಕೆ ತಿರುಗಿಸಿದರೆ ಬಿಗಿಯಾಗುವ ತಿರುಪು. ಡಾಡ್ಜ್ ಕ್ರೈಸ್ಲರ್ ಕಂಪನಿಯದ್ದೇ ಅಲ್ವಾ, ಆಗಿನ ಕ್ರೈಸ್ಲರ್ ಗಾಡಿಗಳಿಗೆಲ್ಲ ಎಡಗಡೆ ಚಕ್ರದ ನಟ್ ಉಲ್ಟಾ. ಓಡುವಾಗ ತಾನಾಗಿ ಸಡಿಲ ಆಗಬಾರದು ಅಂತ. 1970ರ ಸುಮಾರಿಗೆ ಬಿಟ್ಟರು. ನೀವು ಇಷ್ಟು ಹೊತ್ತು ಬಿಗಿ ಮಾಡ್ತಾ ಇದ್ದಿರಿ."

"ಅಲ್ಲಪ್ಪಾ, ಒಂದೇ ಕಾರಿಗೆ ಎರಡು ಕಾನೂನಾ?" ಎಂದು ಗೌಡ್ರು ಬೆವರು ಒರೆಸಿಕೊಂಡರು.

"ಗೊತ್ತಿದ್ದರೆ ಮೊದಲೇ ಹೇಳೋದಲ್ವಾ ಭಟ್ರೇ?" ಎಂದ ಮಂಜು.

"ನನ್ನನ್ನು ಯಾರು ಕೇಳಿದ್ರು?"

ಮುರಿದದ್ದೂ ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು. ಹೊಸ ಚಕ್ರಕ್ಕೆ ಹೊಂದುವ ನಟ್ಟುಗಳು ಎಡ ಮರೆಯಲ್ಲಿ ಸಿಗುವುದು ಕಷ್ಟ. ಆ ಬದಿಯ ಸ್ಟಡ್‌ಗಳನ್ನೆಲ್ಲ ತೆಗೆದು ಮಾಮೂಲಿ ಮರೆಯದ್ದನ್ನೇ ಹಾಕುವುದು ಎಂದಾಯಿತು. ಮುರಿದದ್ದಕ್ಕೆ ಇಷ್ಟು ಒಳ್ಳೆ ಸಮಜಾಯಿಷಿ ಸಿಕ್ಕಿದ್ದು ನೋಡಿ ಗೌಡ್ರು ಇನ್ನೊಂದನ್ನೂ ಮುರಿಯಲು ಸಿದ್ಧರಾದರು.

ಕೊನೆಗೆ ಗೆದ್ದದ್ದು ಮ್ಯಾಗ್ನಮ್ 500, ಸೈಜು 15ಕ್ಕೆ 7, ಅಂದರೆ 15 ಇಂಚು ವ್ಯಾಸ, 7 ಇಂಚು ಅಗಲ. ಟೈರ್ ಮುಂದೆ 235/60, ಹಿಂದೆ 255/60. ಮೊದಲ ಅಂಕಿ ಮಿಲಿಮೀಟರಿನಲ್ಲಿ ಅಗಲ, ಎರಡನೆಯದು ಟೈರಿನ ಗೋಡೆಯ ಎತ್ತರ ಅಗಲದ ಶೇಕಡಾ ಎಷ್ಟು ಎಂದು. ಹಿಂದಿನದು ಎತ್ತರದಲ್ಲಿ ಸುಮಾರು ಒಂದು ಇಂಚು ಜಾಸ್ತಿ ಬರುತ್ತದೆ. ನಿಂತಲ್ಲೇ ಕಾರು ಹೊರಡಲು ತಯಾರಾದ ಹಾಗೆ ಕಾಣುತ್ತದೆ. ಟೈರಿನ ಬಿಳಿ ಅಕ್ಷರ ಹೊರಗೆ ಇರಬೇಕು ಎನ್ನುವುದರಲ್ಲಿ ಮಾತ್ರ ಎಲ್ಲರದ್ದೂ ಒಂದೇ ಮಾತು.

ಮಂಜು ಫೋನ್ ತೆಗೆದು ನಾಲ್ಕು ಚಕ್ರ ಎಂದು ಒತ್ತುವುದರಲ್ಲಿದ್ದ. ಸುಧಾ ಕೇಳಿದಳು, "ಸ್ಪೇರ್?"

"ಹೌದಲ್ಲ, ಐದು ಬೇಕು."

"ಐದನೆಯದಕ್ಕೆ ಹಾಕೋದು ಮುಂದಿನ ಟೈರೋ, ಹಿಂದಿನ ಟೈರೋ?"

ಭಟ್ಟರು ಮತ್ತೆ ಟೇಪ್ ಎಳೆದರು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮಾರುತಿ 800ಕ್ಕೆ ಚಕ್ರ ಚೌಕಾಸಿ ಮಾಡಿ ಬೆಳೆದ ಗೌಡ್ರಿಗೆ ಅದೆಲ್ಲ ಬೇಕಿರಲಿಲ್ಲ. "ಎರಡೂ ತಗೊಂಡುಬಿಡು ಮಂಜಣ್ಣ. ಆರು ಅಂದರೆ ಅರ್ಧ ಡಜನ್, ಡಿಸ್ಕೌಂಟ್ ಕೇಳೋಕೆ ಒಂದು ಮುಖ ಇರುತ್ತೆ."